ಹುಣಸೆಮರದ ಹತ್ತಿರ ನಿಲ್ಲುವ ಇಂಜಿನ್

ಗುಬ್ಬಿಯಲ್ಲಿ ಮಹಾಲಿಂಗಯ್ಯನ ಪಂಪ್‌ಸೆಟ್ ರಿಪೇರಿ ಅಂಗಡಿ ಅಂದರೆ ಒಂದು ತಗಡಿನ ಸೂರು, ಅದರ ಮುಂದೆ ಒಂದು ಬೇವಿನ ಮರ, ಮರದ ಕೊಂಬೆಗೆ ತಳ ಕತ್ತರಿಸಿ ತಲೆಕೆಳಗಾಗಿ ನೇತುಹಾಕಿದ ಒಂದು ಗಾಜಿನ ಬಾಟಲಿ. ಯಾವ ಇಂಜಿನ್ ಬಂದರೂ ಅವನು ಮೊದಲು ಅದರ ಎಣ್ಣೆ ಟ್ಯಾಂಕ್ ಬಿಚ್ಚಿ ಪಕ್ಕಕ್ಕಿಡುತ್ತಿದ್ದ. ಬಾಟಲಿಯಿಂದ ಒಂದು ರಬ್ಬರ್ ನಳಿಕೆ ಇಳಿಸಿ ನೇರವಾಗಿ ಸೀಮೆಣ್ಣೆ ಕುಡಿಸುತ್ತಿದ್ದ. ಗಲೀಜು ಟ್ಯಾಂಕಿನ ಜೊತೆ ಗುದ್ದಾಡುವುದಕ್ಕಿಂತ ಇದು ಸುಲಭ ಎನ್ನುವುದು ಅವನ ಲೆಕ್ಕಾಚಾರ. ಇಂಜಿನ್‌ಗೆ ಕಣ್ಣುಬಿದ್ದಿದೆ, ಗಾಳಿ ಮೆಟ್ಟಿದೆ ಎಂದು ಯಾರಾದರೂ ರಾಗ ತೆಗೆದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. "ಏನ್ಲಾ, ಪ್ಲಗ್ಗು ಕರಿಕಟ್ಟಿದ್ರೆ ಅದಕ್ಕೂ ದೆವ್ವಾನೇ ಬರ್ಬೇಕಾ? ಎತ್ಕೊಂಡ್ ಹೋಗ್ ಅತ್ಲಾಗೆ" ಎಂದು ಗದರಿಸುತ್ತಿದ್ದ. ಇಂಥ ಮನುಷ್ಯನನ್ನೇ ದೆವ್ವದ ಇಂಜಿನ್ ಹುಡುಕಿಕೊಂಡು ಬಂತು.

ಅದು ಅವನ ಅತ್ತೆಯ ಮನೆಯ ದೋಣಿಯ ಇಂಜಿನ್. ಅತ್ತೆ ಸರ್ವಮಂಗಳಮ್ಮ ಅವನ ತಂದೆಯ ಒಡಹುಟ್ಟಿದ ತಂಗಿ, ಅವಳ ಮಗಳು ಶಕುಂತಲಮ್ಮನನ್ನೇ ಅವನಿಗೆ ತಂದುಕೊಂಡಿದ್ದರು. ಅವರ ಊರು ಬಸವನಪಾಳ್ಯ, ಹುಲಿಯೂರುದುರ್ಗದ ಬೆಟ್ಟ ಕಾಣುವಷ್ಟು ದೂರದಲ್ಲಿ, ದೊಡ್ಡದೊಂದು ಕೆರೆಯ ಹಿಂಭಾಗದಲ್ಲಿ ಇತ್ತು. ಕುಣಿಗಲ್ ಬಸ್ಸು ಬರುವುದು ಆಚೆ ದಡಕ್ಕೆ. ಕೆರೆಯನ್ನು ಸುತ್ತಿ ನಡೆದು ಹೋದರೆ ಅರ್ಧ ದಿನ ಹಾಳು. ಹೀಗಾಗಿ ಆ ಮನೆಯವರು ಎಂದೋ ದೋಣಿ ಇಳಿಸಿದರು. ವಿಭೂತಿ ಧರಿಸುವ ಮನೆಯವರು ಹುಟ್ಟು ಹಾಕುವುದೇ ಎಂದು ಜನ ಮೊದಮೊದಲು ನಕ್ಕರು, ಆಮೇಲೆ ಅದೇ ದೋಣಿಯಲ್ಲಿ ಕೂತು ಸಂತೆಗೆ ಹೋದರು.

ಎಪ್ಪತ್ತೈದನೇ ಇಸವಿಯ ಬೇಸಿಗೆಯಲ್ಲಿ ಸರ್ವಮಂಗಳಮ್ಮನ ಮಗ ವೀರಭದ್ರಯ್ಯ ತುಮಕೂರಿನಿಂದ ಹಳೆಯ ಪಂಪ್‌ಸೆಟ್ ಇಂಜಿನ್ ಒಂದನ್ನು ತಂದು ದೋಣಿಗೆ ಜೋಡಿಸಿದ. ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಣ್ಣೆಯಲ್ಲಿ ಓಡುವ ಜಾತಿ. ಜೋಡಿಸಿ ಕೊಟ್ಟವನು ಭಾವ ಮಹಾಲಿಂಗಯ್ಯನೇ. ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು, ಇಂಜಿನ್ ಒಂದು ಸಲವೂ ಕೆಮ್ಮಲಿಲ್ಲ. ನವರಾತ್ರಿಯ ಹೊತ್ತಿಗೆ ಕೆರೆ ಕೋಡಿ ಬಿದ್ದಿತ್ತು. ಆಯುಧಪೂಜೆಯ ದಿನ ಜನ ತುಂಬಿಕೊಂಡು ಹೊರಟ ದೋಣಿ ನಡುನೀರಿನಲ್ಲಿ ನಿಂತುಬಿಟ್ಟಿತು. ಗಾಳಿ ಜೋರಾಗಿತ್ತು, ದೋಣಿ ಕೋಡಿಯ ಕಡೆಗೆ ಜಾರತೊಡಗಿತು. ಇಂಜಿನ್ ಬಂದಮೇಲೆ ಹುಟ್ಟು ಯಾಕೆಂದು ಹುಟ್ಟುಗೋಲುಗಳನ್ನು ಅಟ್ಟಕ್ಕೆ ಏರಿಸಿದ್ದರು. ವೀರಭದ್ರಯ್ಯ ಸೊಂಟಕ್ಕೆ ಹಗ್ಗ ಬಿಗಿದು ನೀರಿಗೆ ಹಾರಿದ. ಕೆರೆಯ ಮಧ್ಯದಲ್ಲಿ, ಮುಳುಗಿಹೋದ ಹಳೆಯ ಹುಣಸೆಮರವೊಂದರ ಒಣನೆತ್ತಿ ನೀರಿನಿಂದ ಮೇಲೆ ಚಾಚಿಕೊಂಡಿದೆ. ಅಲ್ಲಿಯವರೆಗೆ ಈಜಿ, ಕೊಂಬೆಗೆ ಹಗ್ಗ ಸುತ್ತಿ, ದೋಣಿಯನ್ನು ನಿಲ್ಲಿಸಿದ. ದೋಣಿಯಲ್ಲಿದ್ದವರೆಲ್ಲ ಉಳಿದರು. ಅವನು ಮಾತ್ರ ನೀರೊಳಗಿನ ಕೊಂಬೆಗಳಿಗೆ ಸಿಕ್ಕಿಕೊಂಡು ಮೇಲೆ ಬರಲಿಲ್ಲ. ಮದುವೆಗೆ ಹೆಣ್ಣು ನೋಡಿಯಾಗಿತ್ತು.

ಸಾವಿನ ಕಾರ್ಯಗಳೆಲ್ಲ ಮುಗಿದ ಮೇಲೆ ದೋಣಿ ಮಾರಿಬಿಡಿ ಎಂದು ಎಲ್ಲರೂ ಹೇಳಿದರು. ಸರ್ವಮಂಗಳಮ್ಮ ಒಪ್ಪಲಿಲ್ಲ. "ನನ್ನ ಮಗ ಆ ದೋಣಿ ಉಳಿಸೋಕೆ ಪ್ರಾಣ ಕೊಟ್ಟವ್ನೆ, ಅದನ್ನ ಮಾರ್ಕೊಂಡು ಉಣ್ಣಲಾ?" ಎಂದಳು. ಆ ಮಾತಿಗೆ ಎದುರಾಡುವ ಧೈರ್ಯ ಯಾರಿಗಿತ್ತು? ದೋಣಿ ಮತ್ತೆ ನೀರಿಗಿಳಿಯಿತು. ನಡೆಸಲು ಆಳನ್ನು ಇಟ್ಟರು, ಅವನು ವಾರ ಕಳೆಯುವುದರೊಳಗೆ ಕೈಮುಗಿದು ಹೊರಟುಹೋದ. ಇಂಜಿನ್ ಪ್ರತಿ ಸಲವೂ ಆ ಹುಣಸೆಮರದ ಹತ್ತಿರವೇ ನಿಲ್ಲುತ್ತದೆ ಎಂದ.

ಮಹಾಲಿಂಗಯ್ಯ ಕಿಡಿಕಿಡಿಯಾಗಿ ಬಸವನಪಾಳ್ಯಕ್ಕೆ ಹೋದ. ಇಂಜಿನ್ ಬಿಚ್ಚಿ, ಗೋಣಿಯಲ್ಲಿ ಸುತ್ತಿ, ಬಸ್ಸಿನ ಮೇಲೇರಿಸಿ ಗುಬ್ಬಿಗೆ ತಂದ. ಪ್ಲಗ್ ತೆಗೆದು ಉಜ್ಜಿದ. ಕಾರ್ಬೋರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದ, ಸಣ್ಣ ಸಣ್ಣ ರಂಧ್ರಗಳಿಗೆಲ್ಲ ಬಾಯಿಂದ ಊದಿದ. ಕಿಡಿ ಬರುತ್ತದೆಯೇ ಎಂದು ಬೆರಳು ಮುಟ್ಟಿಸಿ ಶಾಕ್ ಹೊಡೆಸಿಕೊಂಡ. ಟ್ಯಾಂಕಿನ ತಳದ ಕಸರನ್ನೆಲ್ಲ ಕುಲುಕಿ ಚೆಲ್ಲಿದ. ಟ್ಯಾಂಕಿನ ಮುಚ್ಚಳಕ್ಕೆ ಅತ್ತೆ ಮೂರು ಬೆರಳಿನಿಂದ ವಿಭೂತಿ ಬಳಿದಿದ್ದಳು, ಅದನ್ನು ಎಣ್ಣೆಜಿಡ್ಡಿನ ನೆಲದ ಮೇಲೆ ಇಡಬಾರದೆಂದು ಭಕ್ತಿಯಿಂದ ಗೋಡೆಯ ಗೂಡಿನಲ್ಲಿ ಇಟ್ಟ. ಆಮೇಲೆ ತನ್ನ ಪದ್ಧತಿಯಂತೆ ಬೇವಿನ ಮರದ ಬಾಟಲಿಗೆ ನಳಿಕೆ ಸಿಕ್ಕಿಸಿ, ಸ್ಟಾರ್ಟ್ ಮಾಡುವ ಹಗ್ಗ ಎಳೆದ. ಇಂಜಿನ್ ಬೆಳಿಗ್ಗೆಯಿಂದ ಸಂಜೆಯವರೆಗೆ ಓಡಿತು. ಬೀದಿಯವರೆಲ್ಲ ತಲೆನೋವು ಎಂದು ಬೈದರು.

ಮೀಸೆ ತಿರುವಿಕೊಂಡು ಅದನ್ನು ತಂದು ದೋಣಿಗೆ ಕೂರಿಸಿದ. ತಾನೇ ನಡೆಸುತ್ತೇನೆ ಎಂದು ಹೊರಟ. ಸರ್ವಮಂಗಳಮ್ಮ ಇಂಜಿನ್‌ಗೆ ವಿಭೂತಿ ಇಟ್ಟು, ತಾನೂ ಬರುತ್ತೇನೆಂದು ಹತ್ತಿ ಕೂತಳು. ದೊಡ್ಡರಂಗಯ್ಯ ಎಂಬ ಮುದುಕನೂ ಹತ್ತಿದ. ವೀರಭದ್ರಯ್ಯ ಸತ್ತ ದಿನ ದೋಣಿಯಲ್ಲಿ ಇದ್ದು ಉಳಿದವರಲ್ಲಿ ಅವನೊಬ್ಬ. ಹತ್ತಿ ಕೂತವನೇ ಬೀಡಿ ಹಚ್ಚಿದ. ಬೀಡಿ ಮುಗಿದು ಅವನು ಅದನ್ನು ನೀರಿಗೆ ಎಸೆಯುವ ಹೊತ್ತಿಗೆ ಇಂಜಿನ್ ಎರಡು ಸಲ ಬಿಕ್ಕಿ ಸುಮ್ಮನಾಯಿತು. ಮಹಾಲಿಂಗಯ್ಯ ತಲೆಯೆತ್ತಿ ನೋಡಿದ. ಎಡಗಡೆ ಹುಣಸೆಮರದ ಒಣನೆತ್ತಿ ಇತ್ತು.

ಅವನು ಹಗ್ಗ ಎಳೆದ, ಮತ್ತೆ ಎಳೆದ, ತೋಳು ಸೋಲುವವರೆಗೆ ಎಳೆದ. ಸೀಮೆಣ್ಣೆ ಇದೆಯೋ ಇಲ್ಲವೋ ಎಂದು ಮುಚ್ಚಳ ತೆರೆದು ಇಣುಕಿದ. ಬೇಕಾದಷ್ಟಿತ್ತು. ಅಷ್ಟರಲ್ಲಿ ಸರ್ವಮಂಗಳಮ್ಮ ಮಡಿಲಿನಿಂದ ಒಂದು ಹಿಡಿ ಬೆಲ್ಲದವಲಕ್ಕಿ ತೆಗೆದು ನೀರಿಗೆ ಬಿಟ್ಟು, "ವೀರೂ, ಜನ ಕಾಯ್ತಾ ಕೂತವ್ರೆ, ಬುಡಪ್ಪ" ಎಂದಳು. ಮಹಾಲಿಂಗಯ್ಯ ಮುಚ್ಚಳ ಹಾಕಿ ಹಗ್ಗ ಎಳೆದ. ಇಂಜಿನ್ ಸ್ಟಾರ್ಟ್ ಆಯಿತು.

"ಅವ್ವನ ಮಾತು ಮೀರಾಕಿಲ್ಲ ಅವ್ನು" ಎಂದು ದೊಡ್ಡರಂಗಯ್ಯ ಕೈಮುಗಿದ. ಗುಬ್ಬಿಯಲ್ಲಿ ಆ ಮಾತಾಡಿದ್ದರೆ ಮಹಾಲಿಂಗಯ್ಯ ಅವನನ್ನು ಅಂಗಡಿಯಿಂದ ಓಡಿಸುತ್ತಿದ್ದ. ಅವತ್ತು ಮರದ ಕಡೆ ತಿರುಗಿಯೂ ನೋಡದೆ ದೋಣಿಯನ್ನು ದಡಕ್ಕೆ ಓಡಿಸಿದ.

ಅಲ್ಲಿಂದ ಅವನ ಬದುಕು ಆ ಕೆರೆಗೆ ಕಟ್ಟಿಬಿದ್ದಿತು. ಗುಬ್ಬಿಯ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಹೆಂಡತಿಯೊಂದಿಗೆ ಬಸವನಪಾಳ್ಯಕ್ಕೇ ಬಂದು ನಿಂತ. ದೋಣಿ ಪ್ರತಿದಿನ ನಿಲ್ಲುತ್ತಿತ್ತು. ಆಚೆ ದಡದಲ್ಲಿ ಮುಚ್ಚಳ ತೆರೆದು ಎಣ್ಣೆ ನೋಡಿಕೊಂಡು ಹೊರಟು ಬರುವಾಗಲೂ ಅಷ್ಟೇ, ಮರದ ಆಸುಪಾಸಿನಲ್ಲೇ. ಹೊಸ ಪ್ಲಗ್ ಹಾಕಿದ, ಮ್ಯಾಗ್ನೆಟ್ ಬದಲಿಸಿದ, ತುಮಕೂರಿನ ಸಿದ್ದಯ್ಯ ಎಂಬ ಹಿರಿಯ ಮೆಕ್ಯಾನಿಕ್ಕನನ್ನು ಕರೆಸಿ ತೋರಿಸಿದ. ಸಿದ್ದಯ್ಯ ದಡದಲ್ಲಿ ಸ್ವಲ್ಪ ಹೊತ್ತು ಓಡಿಸಿ, ಮಗುವಿನಂಥ ಇಂಜಿನ್ ಎಂದು ಹೊಗಳಿ, ಉಪ್ಪಿಟ್ಟು ತಿಂದು ಹೋದ. ದೋಣಿ ಹತ್ತಿ ನಡುನೀರಿಗೆ ಬಾ ಎಂದರೆ ಬರಲಿಲ್ಲ. ಅವನ ಕಿವಿಗೂ ಊರಿನವರು ಸುದ್ದಿ ಮುಟ್ಟಿಸಿದ್ದರು.

ಸರ್ವಮಂಗಳಮ್ಮ ಮಾತ್ರ ಗೆಲುವಾಗಿದ್ದಳು. ನಸುಕಿನಲ್ಲಿ ಎದ್ದು ಅವಲಕ್ಕಿ ನೆನೆಸುವಳು, ವಿಭೂತಿಯ ಗಟ್ಟಿಯನ್ನು ಒದ್ದೆ ಮಾಡಿಕೊಂಡು ದಡಕ್ಕೆ ಬರುವಳು, ಇಂಜಿನ್‌ನ ತಲೆ ಎಂದು ಆ ಮುಚ್ಚಳಕ್ಕೆ ಒತ್ತಿ ಒತ್ತಿ ಬಳಿಯುವಳು. ಮೊದಲ ಸಲದ ದೋಣಿಯಲ್ಲಿ ಆಚೆಗೆ ಹೋಗಿ ಈಚೆಗೆ ಬರುವಳು. ದೋಣಿ ನಿಂತ ಆ ಚೂರು ಹೊತ್ತಿನಲ್ಲಿ ಹಸು ಕರು ಹಾಕಿದ್ದು, ಶಕುಂತಲೆಗೆ ಜ್ವರ ಬಂದಿದ್ದು, ಎಲ್ಲವನ್ನೂ ಮಗನಿಗೆ ಒಪ್ಪಿಸುವಳು. ಅವಳ ಬೆನ್ನು ನೋಡುತ್ತ ಕೂತ ಮಹಾಲಿಂಗಯ್ಯನಿಗೆ ಭಯಕ್ಕಿಂತ ನಾಚಿಕೆ ಹೆಚ್ಚಾಗುತ್ತಿತ್ತು. ಇಂಜಿನ್ ರಿಪೇರಿಯಾದರೆ ಇವಳ ಮಾತು ನಿಲ್ಲುತ್ತದೆ. ಆಗದೆ ಉಳಿದರೆ ಮುಂದಿನ ಸಲ ಕೋಡಿ ಬಿದ್ದಾಗ ಇನ್ನೆಷ್ಟು ಮನೆಯ ದೀಪ ಆರುತ್ತದೋ.

ಒಂದು ಮಧ್ಯಾಹ್ನ ಗಾಳಿಯೇ ಇರಲಿಲ್ಲ. ದೋಣಿ ನಿಂತಾಗ ಕೆರೆ ಪೂರ್ತಿ ಸ್ತಬ್ಧವಾಗಿತ್ತು. ಅವನು ಮುಚ್ಚಳ ತಿರುಗಿಸಿದ. ಸುಯ್ ಎಂದು ಯಾರೋ ಉಸಿರೆಳೆದುಕೊಂಡ ಸದ್ದು ಸ್ಪಷ್ಟವಾಗಿ ಕೇಳಿಸಿತು. ದೊಡ್ಡರಂಗಯ್ಯ ಎದ್ದು ನಿಂತುಬಿಟ್ಟ. "ಕೇಳ್ತಾ ಮಾಲಿಂಗಯ್ಯ? ಅವತ್ತು ಮುಳುಗೋ ಮುಂಚೆ ಹಿಂಗೇ ಉಸಿರೆಳ್ಕಂಡ ಕಣಪ್ಪ" ಎಂದು ನೀರಿನ ಕಡೆಗೆ ಬೆರಳು ತೋರಿಸಿದ. ಮಹಾಲಿಂಗಯ್ಯ ಅವತ್ತು ಊಟ ಮಾಡಲಿಲ್ಲ. ದೋಣಿಯನ್ನು ಸುಟ್ಟುಹಾಕಿ ಗುಬ್ಬಿಗೆ ಓಡಿಹೋಗಬೇಕು ಅನ್ನಿಸಿತು.

ಮಾರನೇ ದಿನ ಶಕುಂತಲಮ್ಮ ಹೊಸ ಹರಳೆಣ್ಣೆ ಡಬ್ಬಕ್ಕೆ ಮೊಳೆಯಿಂದ ತೂತು ಹೊಡೆದು ಬಗ್ಗಿಸಿಕೊಂಡು ಕೂತಿದ್ದಳು. ಎಣ್ಣೆ ಎರಡು ಹನಿ ಬಿದ್ದು ನಿಂತಿತು. "ಇನ್ನೊಂದು ತೂತು ಹೊಡ್ಕೊಡ್ರೀ ಇತ್ತ ಕಡೆ. ಗಾಳಿ ಹೋಗ್ದೆ ಎಣ್ಣೆ ಇಳೀತಿಲ್ಲ" ಎಂದು ಡಬ್ಬ ಚಾಚಿದಳು. ಮಹಾಲಿಂಗಯ್ಯ ಮೊಳೆ ಹಿಡಿದು ಒಂದು ಏಟು ಹೊಡೆದ. ಡಬ್ಬದೊಳಕ್ಕೆ ಗಾಳಿ ಸುಯ್ ಎಂದು ನುಗ್ಗಿತು. ಅವನು ಸುತ್ತಿಗೆಯನ್ನು ಅಲ್ಲೇ ಎಸೆದು ಕೆರೆಯ ಕಡೆಗೆ ಓಡಿದ.

ಟ್ಯಾಂಕಿನ ಮುಚ್ಚಳದ ನಡುವೆ ಸೂಜಿ ಹೋಗುವಷ್ಟು ಸಣ್ಣ ತೂತು ಇರುತ್ತದೆ. ಎಣ್ಣೆ ಕೆಳಗಿಳಿದ ಹಾಗೆಲ್ಲ ಅಲ್ಲಿಂದ ಗಾಳಿ ಒಳಗೆ ಹೋಗಬೇಕು. ಆ ತೂತು ಕಟ್ಟಿದರೆ ಇಂಜಿನ್ ಸ್ವಲ್ಪ ದೂರ ಓಡಿ, ಎಣ್ಣೆ ಇಳಿಯದೆ, ಬಾಯಾರಿ ನಿಲ್ಲುತ್ತದೆ. ಮುಚ್ಚಳ ತೆರೆದು ಹಾಕಿದರೆ ಮತ್ತೆ ಅಷ್ಟೇ ದೂರ ಓಡುತ್ತದೆ. ಎರಡು ದಡದಿಂದಲೂ ಹುಣಸೆಮರ ಹೆಚ್ಚುಕಡಿಮೆ ಅಷ್ಟೇ ದೂರ. ಇದು ಮಹಾಲಿಂಗಯ್ಯನಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಅವನ ಅಂಗಡಿಯಲ್ಲಿ ಟ್ಯಾಂಕಿಗೂ ಮುಚ್ಚಳಕ್ಕೂ ಕೆಲಸವೇ ಇರಲಿಲ್ಲ. ಇಲ್ಲಿ, ದೇವರ ಗುರುತು ಇಟ್ಟ ಜಾಗವನ್ನು ಉಗುರಿನಿಂದ ಕೆರೆಯುವ ಯೋಚನೆ ಅವನಿಗಾಗಲಿ ಸಿದ್ದಯ್ಯನಿಗಾಗಲಿ ಬರಲೇ ಇಲ್ಲ. ಒದ್ದೆ ವಿಭೂತಿ ದಿನದ ಮೇಲೆ ದಿನ ಒಣಗಿ ಗಾರೆಯ ಹಾಗೆ ಗಟ್ಟಿಯಾಗಿತ್ತು. ಅವನು ಸೂಜಿ ಚುಚ್ಚಿದ. ಬಿಳಿಯ ಪುಡಿ ಚಿಟಿಕೆಯಷ್ಟು ಅಂಗೈಗೆ ಉದುರಿತು.

ಒಬ್ಬನೇ ದೋಣಿ ಹತ್ತಿ ಇಂಜಿನ್ ಹಚ್ಚಿದ. ಹುಣಸೆಮರ ಬಂತು, ಹಿಂದಕ್ಕೆ ಹೋಯಿತು, ಇಂಜಿನ್ ಓಡುತ್ತಲೇ ಇತ್ತು. ಅವನು ಜೋರಾಗಿ ನಕ್ಕ. ದೊಡ್ಡರಂಗಯ್ಯನನ್ನು ಇಡೀ ಊರಿನ ಮುಂದೆ ಹೇಗೆ ಆಡಿಕೊಳ್ಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡ. ದೋಣಿ ತಿರುಗಿಸಿ ಎರಡನೇ ಸಲ ಮರವನ್ನು ದಾಟುವಾಗ ಆ ನಗು ಅರ್ಧಕ್ಕೇ ನಿಂತಿತು. ವೀರಭದ್ರ ಸತ್ತಿದ್ದರಿಂದ ಇಂಜಿನ್ ಇಲ್ಲಿ ನಿಲ್ಲುತ್ತಿದೆ ಎಂದು ಊರೇ ನಂಬಿದೆ. ಆದರೆ ಇಂಜಿನ್ ಮೊದಲ ಸಲ ಇಲ್ಲಿ ನಿಂತಿದ್ದರಿಂದಲ್ಲವೇ ವೀರಭದ್ರ ಸತ್ತಿದ್ದು?

ಮನೆಗೆ ಬಂದಾಗ ಶಕುಂತಲಮ್ಮ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅವನು ತಮಾಷೆಗೆ ಕೇಳಿದವನಂತೆ ಕೇಳಿದ. "ನಿಮ್ಮವ್ವ ಇಂಜಿನ್‌ಗೆ ಈಬೂತಿ ಇಡೋಕೆ ಶುರು ಮಾಡಿದ್ದು ಯಾವಾಗ್ಲೇ?"

"ಆಯುಧಪೂಜೆ ದಿನ. ಅದಕ್ ಮುಂಚೆ ಇಟ್ಟಿರ್ಲಿಲ್ಲ. ಅವತ್ತು ಬೆಳಿಗ್ಗೆ ವೀರೂನೇ ಬಾರವ್ವ ಅಂತ ಕರ್ಕೊಂಡ್ ಹೋಗಿ ಇಡಿಸ್ದ. ಯಾಕ್ರೀ?"

"ಸುಮ್ಕೆ ಕೇಳ್ದೆ ಕಣೇ" ಎಂದು ಅವನು ಮುಖ ತೊಳೆಯಲು ಹೋದ. ತೊಟ್ಟಿಯ ನೀರಿಗೆ ಕೈ ಹಾಕಿ, ಅಂಗೈಗೆ ಅಂಟಿದ್ದ ಬಿಳಿಯ ಪುಡಿಯನ್ನು ತಿಕ್ಕಿ ತಿಕ್ಕಿ ತೊಳೆದ.

ಸತ್ಯ ಹೇಳಿದರೆ ಅತ್ತೆ ಆ ದಿನವೇ ಕೆರೆಗೆ ಹಾರುತ್ತಾಳೆ, ಅದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಹೇಳದೆ, ವಿಭೂತಿಯನ್ನು ಬೇರೆ ಕಡೆ ಇಡು ಎಂದರೆ ಯಾಕೆ ಎನ್ನುತ್ತಾಳೆ. ಅವಳೇನು ದಡ್ಡಿಯಲ್ಲ, ಎಂಥ ಮಾತಿನ ತಳವನ್ನೂ ಕೆದಕಿ ತೆಗೆಯುವ ಹೆಂಗಸು. ಅವಳು ಸೋಮವಾರದ ಪೂಜೆಗೆ ಗುಡಿಗೆ ಹೋದ ಹೊತ್ತು ನೋಡಿ ಮಹಾಲಿಂಗಯ್ಯ ಕೈಡ್ರಿಲ್ ತೆಗೆದುಕೊಂಡು ದಡಕ್ಕೆ ಹೋದ. ಟ್ಯಾಂಕಿನ ಕತ್ತಿನ ಹಿಂಭಾಗದಲ್ಲಿ, ಮುಚ್ಚಳದ ಅಂಚಿನ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಇನ್ನೊಂದು ತೂತು ಕೊರೆದ. ಇನ್ನು ಮುಚ್ಚಳದ ಮೇಲೆ ಎಷ್ಟು ಬಳಿದರೂ ಇಂಜಿನ್‌ಗೆ ಉಸಿರು ಕಟ್ಟುವುದಿಲ್ಲ. ಕಳ್ಳತನ ಮಾಡಿದವನಂತೆ ಸುತ್ತ ನೋಡಿಕೊಂಡು ಮನೆಗೆ ಬಂದ.

ಮಾರನೇ ಬೆಳಿಗ್ಗೆ ದೋಣಿ ಹುಣಸೆಮರವನ್ನು ದಾಟಿ ಮುಂದೆ ಹೋಯಿತು. ಸರ್ವಮಂಗಳಮ್ಮ ಮುಷ್ಟಿಯಲ್ಲಿ ಅವಲಕ್ಕಿ ಹಿಡಿದು ಕಾಯುತ್ತಿದ್ದಳು. ಮರ ಹಿಂದೆ ಬಿದ್ದ ಮೇಲೂ ಅವಳ ಮುಷ್ಟಿ ಬಿಚ್ಚಲಿಲ್ಲ. ದೊಡ್ಡರಂಗಯ್ಯ, "ಶಾಂತಿ ಆಯ್ತು ಬುಡವ್ವ, ಮುಕ್ತಿ ಸಿಕ್ತು ನಿನ್ ಮಗನಿಗೆ" ಎಂದ. ಅವಳು ಅವನ ಕಡೆ ತಿರುಗಲೇ ಇಲ್ಲ.

ಆಚೆ ದಡದಲ್ಲಿ ಇಳಿಯುವಾಗ ಅಳಿಯನನ್ನು ಕೇಳಿದಳು. "ಏನಾಗಿತ್ತು ಮಾಲಿಂಗಪ್ಪ ಅದಕ್ಕೆ?"

"ಏನಿಲ್ಲ ಅತ್ತೆ. ಕಸ ಸಿಕ್ಕೊಂಡಿತ್ತು."

"ಕಸವಾ" ಎಂದು ಅವಳು ಅಷ್ಟೇ ಹೇಳಿದಳು. ಅವತ್ತಿನಿಂದ ದೋಣಿ ಹತ್ತಲಿಲ್ಲ.

ವಿಭೂತಿ ಇಡುವುದನ್ನು ಮಾತ್ರ ಬಿಡಲಿಲ್ಲ. ಮಳೆ ಬರಲಿ, ಮೈ ಬಿಸಿಯಿರಲಿ, ಕೋಲೂರಿಕೊಂಡಾದರೂ ದಡಕ್ಕೆ ಬಂದು ಬಳಿದು ಹೋಗುವಳು. ಬಳಿಯುವಾಗ ಮಹಾಲಿಂಗಯ್ಯ ಹಗ್ಗ ಸುತ್ತುವ ನೆಪ ಮಾಡಿ ಬೇರೆ ಕಡೆ ನೋಡುವನು. ಆ ಮೂರು ಬೆರಳುಗಳನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಹೇಳದ ಮಾತು ಒಳಗೇ ಕೊಳೆತು ಅವನನ್ನು ಮುಂಗೋಪಿಯನ್ನಾಗಿ ಮಾಡಿತು. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಗೋಲಿ ಸೋಡಾ ಒಡೆದರೆ ಆ ಸುಯ್ ಸದ್ದಿಗೆ ಅವನು ಬೆಚ್ಚಿ ಎದ್ದು ಹೋಗುತ್ತಿದ್ದ. ಕನಸಿನಲ್ಲಿ ವೀರಭದ್ರ ನೀರಿನಿಂದ ತಲೆಯೆತ್ತಿ, "ಭಾವ, ಒಂದ್ ಸೂಜಿ ಕೊಡಿ" ಎಂದು ಕೇಳುತ್ತಿದ್ದ. ಕೊಡಲು ಹುಡುಕಿದರೆ ಸೂಜಿ ಸಿಗುತ್ತಿರಲಿಲ್ಲ.

ಎಂಬತ್ತಾರರಲ್ಲಿ ಬಸವನಪಾಳ್ಯಕ್ಕೂ ರಸ್ತೆ ಬಂತು, ಹಿನ್ನೀರಿನ ಕಿರುಹೊಳೆಗೆ ಸೇತುವೆ ಕಟ್ಟಿದರು, ಬಸ್ಸು ಈಚೆ ದಡಕ್ಕೇ ಬಂದು ನಿಂತಿತು. ದೋಣಿಗೆ ಕೆಲಸ ಉಳಿಯಲಿಲ್ಲ. ಮಹಾಲಿಂಗಯ್ಯ ತುಮಕೂರಿಗೆ ಹೋಗುವುದೆಂದು ನಿಶ್ಚಯ ಮಾಡಿಕೊಂಡ, ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಗೊತ್ತಾಗಿತ್ತು. ಸಾಮಾನು ಕಟ್ಟುವಾಗ ಸರ್ವಮಂಗಳಮ್ಮ, "ಒಂದ್ ಕಿತ ನನ್ನ ಮರದತ್ರ ಕರ್ಕೊಂಡ್ ಹೋಗಪ್ಪ" ಎಂದಳು. ಅವಳ ಕಣ್ಣು ಆ ಹೊತ್ತಿಗೆ ಮಂಜಾಗಿತ್ತು. ಕೈ ಹಿಡಿದು ದೋಣಿಗೆ ಹತ್ತಿಸಿದ.

ಮರದ ಹತ್ತಿರ ಬಂದಾಗ, "ಬಂತಾ?" ಎಂದು ಕೇಳಿದಳು.

"ಬಂತು ಅತ್ತೆ."

"ನಿಲ್ಸು."

ಅವನು ಎಣ್ಣೆಯ ಕಾಕ್ ತಿರುಗಿಸಿ ಮುಚ್ಚಿದ. ಇಂಜಿನ್ ಬಿಕ್ಕಿ ಬಿಕ್ಕಿ ಸುಮ್ಮನಾಯಿತು. ಕೆರೆಯ ಮೇಲೆ ಒಂದು ಹಕ್ಕಿಯೂ ಇರಲಿಲ್ಲ. ಅವಳು ಮಗನೊಂದಿಗೆ ಮಾತಾಡುತ್ತಾಳೆ ಎಂದುಕೊಂಡು ಅವನು ಮುಖ ತಿರುಗಿಸಿದ. ಆದರೆ ಅವಳು ಮಾತಾಡಿದ್ದು ಅವನೊಂದಿಗೆ.

"ಇಷ್ಟ್ ವರ್ಷ ಯಾರ್ ತಾವೂ ಹೇಳಿಲ್ಲ ಕಣಪ್ಪ, ನಿನಗೆ ಹೇಳ್ತೀನಿ. ಅವತ್ತು ಆಯುಧಪೂಜೆ ದಿನ ಒಲೆ ಮೇಲೆ ಹೋಳಿಗೆ ಇತ್ತು. ಬಾರವ್ವ ಈಬೂತಿ ಇಡು ಅಂತ ಅವ್ನು ಕೂಗ್ತಾನೇ ಇದ್ದ. ಹೋಳಿಗೆ ಸೀಯ್ತದೆ ಅಂತ ಆತುರದಾಗೆ ಓಡಿ ಬಂದು ತೆಳ್ಳಗೆ ಇಟ್ಬುಟ್ಟು ಓಡ್ದೆ. ಸರಿಯಾಗಿ ಇಡ್ಲಿಲ್ವೇನೋ, ಅದಕ್ಕೇ ಶಿವ ಕಾಯ್ಲಿಲ್ವೇನೋ ಅಂತ ನನ್ನ ಜೀವ ದಿನಾ ಸಾಯ್ತದೆ. ಅವತ್ತಿಂದ ಒತ್ತಿ ಒತ್ತಿ ಇಡ್ತಿದೀನಿ." ಅವಳ ಮೂರು ಬೆರಳುಗಳು ಮಡಿಲಲ್ಲಿ ಒಂದನ್ನೊಂದು ಉಜ್ಜುತ್ತಿದ್ದವು. "ನೀನು ಇಂಜಿನ್ ಬಿಚ್ಚಿ ಎಲ್ಲಾ ನೋಡ್ದೋನು. ಅವತ್ತು ನಾನಿಟ್ಟಿದ್ದು ಅಲ್ಲಿ ನಿಂತಿತ್ತಾ? ಇಲ್ಲಾ ಎಲ್ಲಾ ಅಳಿಸ್ಹೋಗಿತ್ತಾ? ಸುಳ್ಳು ಹೇಳ್ಬೇಡ."

ಮಹಾಲಿಂಗಯ್ಯ ಅಂಚಿನ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಿಂತಿತ್ತು ಅತ್ತೆ. ಚೆನ್ನಾಗೇ ಇಟ್ಟಿದ್ರಿ."

"ನಿಜವಾ?"

"ನಿಮ್ಮ ಮಗಳಾಣೆ."

ಸರ್ವಮಂಗಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸದ್ಯ" ಎಂದಳು. "ನನ್ನ ಕಡೆಯಿಂದ ಏನೂ ಕಮ್ಮಿ ಆಗ್ಲಿಲ್ಲ ಹಂಗಾದ್ರೆ." ಆಮೇಲೆ ಹೊರಡೋಣ ಎಂದು ಕೈಸನ್ನೆ ಮಾಡಿದಳು. ಮಹಾಲಿಂಗಯ್ಯ ಕಾಕ್ ತೆರೆದು, ಅವಳಿಗೆ ಮುಖ ಕಾಣದ ಹಾಗೆ ತಿರುಗಿ ಕೂತು, ಹಗ್ಗ ಎಳೆದ.